ದೊರೆ ಬಂಗಲೆಯ ಆತಿಥ್ಯ ಮತ್ತು ಔಷಧದ ಪೆಟ್ಟಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಡಗಿನ ಹಳೆಯ ತೋಟದ ಬಂಗಲೆಗಳು ಒಂದೊಂದಾಗಿ ಹೋಂಸ್ಟೇ ಆಗುತ್ತಿವೆ. ಈ ಸಲದ ಅಂಚೆಯಲ್ಲಿ ಬಂದ ಪ್ರಶ್ನೆಗಳು ಹೆಚ್ಚುಕಡಿಮೆ ಅದರ ಸುತ್ತಲೇ ಇದ್ದವು: ಅತಿಥಿಯನ್ನು ಚೆನ್ನಾಗಿ ನೋಡಿಕೊಳ್ಳುವುದು ಹೇಗೆ, ಅತಿಥಿಗೆ ಹುಷಾರು ತಪ್ಪಿದರೆ ಏನು ಮಾಡುವುದು. ದೊರೆಗಳ, ಅಂದರೆ ಬ್ರಿಟಿಷ್ ತೋಟಗಾರರ, ಕಾಲದಲ್ಲಿ ಇವೆರಡೂ ಒಂದೇ ಕೆಲಸವಾಗಿದ್ದವು. ಆಸ್ಪತ್ರೆ ಒಂದು ದಿನದ ದಾರಿ. ಬಂಗಲೆಯ ಕಟ್ಟಡ, ಹಾಸಿಗೆ, ನೀರಿನ ಹೂಜಿ ಎಲ್ಲದರಲ್ಲೂ ಜ್ವರದ ಭಯ ಕೂತಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಟೆಲ್ ಕೆಲಸ ಬಲ್ಲವರೂ ವೈದ್ಯರೂ ಸೇರಿ ಉತ್ತರ ಬರೆದಿದ್ದೇವೆ.

ಪ್ರಶ್ನೆ: ನಮ್ಮ ತಾತ ಕೊಂಡ ಬಂಗಲೆಯಲ್ಲಿ ಅಡುಗೆಮನೆ ಮುಖ್ಯ ಕಟ್ಟಡದಿಂದ ಮೂವತ್ತು ಅಡಿ ದೂರದಲ್ಲಿದೆ. ನಡುವೆ ಹೆಂಚು ಹೊದಿಸಿದ ಓಣಿ. ಹೋಂಸ್ಟೇ ಮಾಡಲು ಹೊರಟಿದ್ದೇವೆ. ಅದನ್ನು ಕೆಡವಿ ಒಳಗೇ ಅಡುಗೆಮನೆ ಮಾಡಿ ಎಂದು ಎಂಜಿನಿಯರ್ ಹೇಳುತ್ತಾರೆ. ಏನು ಮಾಡಲಿ? (ಓದುಗರೊಬ್ಬರು, ಪಾಲಿಬೆಟ್ಟ)

ಕೆಡವಬೇಡಿ. ಆ ದೂರವನ್ನು ಯಾರೂ ಸುಮ್ಮನೆ ಇಟ್ಟಿದ್ದಲ್ಲ. ಮೊದಲ ಬಂಗಲೆಗಳಿಗೆ ಹುಲ್ಲಿನ ಚಾವಣಿ, ಒಲೆಗೆ ಸೌದೆ. ಒಂದು ಕಿಡಿ ಹಾರಿದರೆ ಇಡೀ ಮನೆ ಹೋಗುತ್ತಿತ್ತು. ಮಂಗಳೂರು ಹೆಂಚು ಬಂದ ಮೇಲೂ ಹೊಗೆ, ನೊಣ, ಕೋಳಿ ಕೊಯ್ದ ನೀರು, ಪಾತ್ರೆ ತೊಳೆದ ಬಚ್ಚಲು ಇವೆಲ್ಲ ಮಲಗುವ ಕೋಣೆಯಿಂದ ದೂರ ಇರಲಿ ಎಂದು ಕುಸಿನಿ ಹೊರಗೇ ಉಳಿಯಿತು. ನಿಮಗೂ ಅದರಿಂದ ಲಾಭವಿದೆ: ಗ್ಯಾಸ್ ಸಿಲಿಂಡರ್‌ಗಳು, ಹಂದಿಮಾಂಸ ಬೇಯುವ ದೊಡ್ಡ ಪಾತ್ರೆ, ಒಗ್ಗರಣೆಯ ಘಾಟು ಎಲ್ಲ ಅತಿಥಿಗಳಿಂದ ಆಚೆ ಇರುತ್ತವೆ.

ತೊಂದರೆ ಒಂದೇ, ಊಟ ಮೇಜಿಗೆ ಬರುವಷ್ಟರಲ್ಲಿ ಆರಿಹೋಗುತ್ತದೆ. ಇದು ರುಚಿಯ ಮಾತು ಮಾತ್ರ ಅಲ್ಲ. ಬೆಂದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, 5 ಡಿಗ್ರಿಗಿಂತ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇದ್ದರೆ ಅದರಲ್ಲಿ ರೋಗಾಣು ಬೆಳೆಯುತ್ತದೆ. ಅನ್ನದ ವಿಷಯದಲ್ಲಿ ಇದು ಇನ್ನೂ ಖಂಡಿತ. ಹಳೆಯ ಬಂಗಲೆಗಳಲ್ಲಿ ಊಟದ ಕೋಣೆಗೆ ಅಂಟಿಕೊಂಡು ಒಂದು ಸಣ್ಣ ಕೋಣೆ ಇರುತ್ತಿತ್ತು, ಬಟ್ಲರ್ ತಟ್ಟೆ ಹೊಂದಿಸುವ ಜಾಗ. ಈಗ ಎಷ್ಟೋ ಕಡೆ ಅದು ಹಳೆ ಪೇಪರ್ ಒಟ್ಟುವ ಗೂಡಾಗಿದೆ. ಅದನ್ನು ತೆರವು ಮಾಡಿ ಒಂದು ಬಿಸಿನೀರಿನ ತೊಟ್ಟಿ ಇರುವ ಬೇನ್ ಮೇರಿ, ಒಂದು ಕೈತೊಳೆಯುವ ತೊಟ್ಟಿ, ಒಂದು ಸಣ್ಣ ಫ್ರಿಜ್ ಇಡಿ. ಪಲ್ಯ, ಸಾರು ಕುಸಿನಿಯಿಂದ ಕುದಿಯುತ್ತಲೇ ಬರಲಿ, ಬೇನ್ ಮೇರಿಗೆ ಇಳಿಯಲಿ. ಬೇನ್ ಮೇರಿ ಬಿಸಿಯನ್ನು ಕಾಪಾಡುತ್ತದೆಯೇ ಹೊರತು ತಣ್ಣಗಾದದ್ದನ್ನು ಬಿಸಿ ಮಾಡುವುದಿಲ್ಲ. ತಣ್ಣಗಾಗಿದ್ದನ್ನು ಒಲೆಗೇ ಏರಿಸಿ ಕುದಿಸಿ ತರಬೇಕು. ಕೆಲಸದವರು ಹೆಚ್ಚು ತಪ್ಪುವುದು ಇಲ್ಲಿಯೇ.

ಕುಸಿನಿಯಲ್ಲಿ ಜಾಲರಿ ಬಾಗಿಲಿನ ಹಳೆಯ ಕಪಾಟು ಇದ್ದರೆ ಮಾರಿಬಿಡಬೇಡಿ. ಇರುವೆ ಹತ್ತದಿರಲೆಂದು ಅದರ ನಾಲ್ಕು ಕಾಲುಗಳನ್ನು ನೀರು ತುಂಬಿದ ಪಿಂಗಾಣಿ ಬಟ್ಟಲುಗಳಲ್ಲಿ ನಿಲ್ಲಿಸುತ್ತಾರೆ. ಆ ಬಟ್ಟಲನ್ನು ಬಗ್ಗಿ ನೋಡಿ, ಡೆಂಗಿ ಹರಡುವ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದರೆ ಆಶ್ಚರ್ಯವಿಲ್ಲ. ವಾರಕ್ಕೊಮ್ಮೆ ನೀರು ಚೆಲ್ಲಿ, ಬಟ್ಟಲಿನ ಒಳಮೈ ಉಜ್ಜಿ, ಒಂದು ಹಿಡಿ ಕಲ್ಲುಪ್ಪು ಹಾಕಿ ಮತ್ತೆ ತುಂಬಿಸಿ. ಉಜ್ಜುವುದು ಮುಖ್ಯ, ಮೊಟ್ಟೆಗಳು ಬಟ್ಟಲಿನ ಗೋಡೆಗೆ ಅಂಟಿರುತ್ತವೆ.

ಪ್ರಶ್ನೆ: ಬ್ರಿಟಿಷರ ಕಾಲದಲ್ಲಿ ಕೊಡಗಿಗೆ ಬಂದವರು ಎಲ್ಲಿ ತಂಗುತ್ತಿದ್ದರು? ಜ್ವರ ಬಂದರೆ ಯಾರು ನೋಡುತ್ತಿದ್ದರು? ಶಾಲೆಯ ಮಕ್ಕಳಿಂದ ಒಂದು ವಸ್ತುಪ್ರದರ್ಶನ ಮಾಡಿಸುತ್ತಿದ್ದೇನೆ. (ಶಿಕ್ಷಕಿ, ಮಡಿಕೇರಿ)

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಗದ್ದಿಗೆಯಿಂದ ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಿತು. ಇಪ್ಪತ್ತು ವರ್ಷ ಕಳೆದು 1854ರಲ್ಲಿ ಫೌಲರ್ ಎಂಬವರು ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎಬ್ಬಿಸಿದರು. ಆಮೇಲೆ ದೊರೆಗಳು, ಲೆಕ್ಕ ಬರೆಯುವ ರೈಟರ್‌ಗಳು, ಮೇಸ್ತ್ರಿಗಳು, ಲೈನ್ ಮನೆಗಳ (ಸಾಲುಮನೆಗಳ) ಆಳುಗಳು, ಒಂದು ಹೊಸ ವಸತಿಯೇ ಬೆಳೆಯಿತು. ಮಡಿಕೇರಿ ಕೋಟೆಯೊಳಗೆ 1859ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಮಕ್ಕಳನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ.

ದಾರಿಹೋಕ ಅಧಿಕಾರಿಗಳಿಗೂ ದೊರೆಗಳಿಗೂ ಇದ್ದದ್ದು ಟಿ.ಬಿ., ಅಂದರೆ ಟ್ರಾವೆಲರ್ಸ್ ಬಂಗಲೆ. ಎರಡು ಮೂರು ಕೋಣೆ, ಸುತ್ತ ಜಗಲಿ, ಮಂಚ, ಮೇಜು, ತಗಡಿನ ಸ್ನಾನದ ತೊಟ್ಟಿ. ಹಾಸಿಗೆ, ಹೊದಿಕೆ, ಸೊಳ್ಳೆ ಪರದೆ ಬಂದವರೇ ಹೊತ್ತು ತರಬೇಕು. ನೋಡಿಕೊಳ್ಳಲು ಒಬ್ಬ ಮೇಟಿ ಇರುತ್ತಿದ್ದ. ಅಡುಗೆಯವನು ಇದ್ದರೆ ಕೋಳಿ ಸಾರು, ಮೊಟ್ಟೆ, ಬ್ರೆಡ್ಡು ಸಿಗುತ್ತಿತ್ತು. ಇಂಥ ಬಂಗಲೆಗಳ ಸಾಮಾನ್ಯ ನಿಯಮವನ್ನು ಮಕ್ಕಳಿಗೆ ತಪ್ಪದೆ ಹೇಳಿ: 24 ಗಂಟೆ ಉಳಿದವರು ಹೊಸಬರು ಬಂದರೆ ಕೋಣೆ ಬಿಟ್ಟುಕೊಡಬೇಕು. ದಾರಿಯಲ್ಲಿ ಬೇರೆ ಸೂರು ಇಲ್ಲದ ಕಾಲಕ್ಕೆ ಇದಕ್ಕಿಂತ ನ್ಯಾಯವಾದ ನಿಯಮ ಬೇರೆ ಯಾವುದಿದ್ದೀತು. ರಿಜಿಸ್ಟರಿನಲ್ಲಿ ಬಂದ ಗಂಟೆ, ಹೋದ ಗಂಟೆ ಬರೆಸುತ್ತಿದ್ದದ್ದು ಅದಕ್ಕೇ.

ಜ್ವರ ಅಂದರೆ ಹೆಚ್ಚಾಗಿ ಮಲೇರಿಯಾ. ಕೆಟ್ಟ ಗಾಳಿಯಿಂದ ಬರುತ್ತದೆ ಎಂದೇ ನಂಬಿದ್ದರು. ಅದಕ್ಕೇ ಬಂಗಲೆಯನ್ನು ಗುಡ್ಡದ ನೆತ್ತಿಯಲ್ಲಿ ಕಟ್ಟಿದರು, ತಳಪಾಯ ಎತ್ತರಿಸಿದರು, ಸುತ್ತಲಿನ ಕಾಡು ಸವರಿಸಿದರು. ಕಾರಣ ತಪ್ಪು, ಉಪಾಯ ಸರಿ. ಮಲೆನಾಡಿನ ಮಲೇರಿಯಾ ಸೊಳ್ಳೆ ಮರಿ ಹಾಕುವುದು ಮೆಲ್ಲಗೆ ಹರಿಯುವ ತೊರೆಯ ಅಂಚಿನ ಹುಲ್ಲಿನಲ್ಲಿ. ನೆತ್ತಿಯ ಮೇಲೆ ಅದರ ಕಾಟ ಕಡಿಮೆ. ಮಲೇರಿಯಾದ ಪರೋಪಜೀವಿ ಸೊಳ್ಳೆಯೊಳಗೆ ಇರುವುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರ ಆಗಸ್ಟ್ 20ರಂದು. ಕ್ವಿನೈನ್ ಮಾತ್ರ ಅದಕ್ಕಿಂತ ಬಹಳ ಮೊದಲೇ, 1820ರಿಂದಲೇ, ಶುದ್ಧ ರೂಪದಲ್ಲಿ ಸಿಗುತ್ತಿತ್ತು. ಐದು ಗ್ರೇನಿನ ಮಾತ್ರೆ, ಅಂದರೆ ಈಗಿನ ಸುಮಾರು 325 ಮಿಲಿಗ್ರಾಂ. ಹೆಚ್ಚು ನುಂಗಿದವರಿಗೆ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಶುರುವಾಗುತ್ತಿತ್ತು.

ಊರಿನಲ್ಲಿ ಧರ್ಮಾಸ್ಪತ್ರೆ, ತೋಟದಲ್ಲಿ ಗಾಯಕ್ಕೆ ಕಟ್ಟುವ ಒಬ್ಬ ಡ್ರೆಸ್ಸರ್ ಅಥವಾ ಔಷಧ ಬೆರೆಸಿ ಕೊಡುವ ಕಂಪೌಂಡರ್. ಆ ಕಾಲದ ಔಷಧದ ಪೆಟ್ಟಿಗೆಯಲ್ಲಿ ಕ್ವಿನೈನ್, ಎಪ್ಸಮ್ ಉಪ್ಪು, ಹರಳೆಣ್ಣೆ, ಟಿಂಚರ್ ಅಯೋಡಿನ್, ಕಾರ್ಬಾಲಿಕ್ ಆಸಿಡ್, ಭೇದಿಗೆ ಕ್ಲೋರೋಡೈನ್, ಪೊಟ್ಯಾಸಿಯಂ ಪರ್ಮಾಂಗನೇಟ್ ಇರುತ್ತಿದ್ದವು. ಪ್ರದರ್ಶನಕ್ಕೆ ಒಂದು ಸೀಸೆ ಮಾಡಿಸಿ: ಚಪ್ಪಟೆ ಗಾಜಿನ ಬಾಟಲಿಗೆ ಬಣ್ಣದ ನೀರು ತುಂಬಿ, ಬಿಳಿ ಕಾಗದದ ಪಟ್ಟಿಯನ್ನು ಮಡಚಿ ಅಂಚಿನಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿ ಉದ್ದಕ್ಕೆ ಅಂಟಿಸಿ. ಒಂದು ಹಲ್ಲು ಒಂದು ಹೊತ್ತಿನ ಔಷಧ. ಓದು ಬಾರದ ರೋಗಿಗೂ ಅಳತೆ ತಿಳಿಯುತ್ತಿತ್ತು. ಸೀಸೆಯನ್ನು ರೋಗಿಯೇ ಮನೆಯಿಂದ ತರಬೇಕಿತ್ತು.

ಪ್ರಶ್ನೆ: ಬಂಗಲೆಯ ಅಗ್ಗಿಷ್ಟಿಕೆ ಹಚ್ಚಿದರೆ ಹೊಗೆ ಕೋಣೆಗೇ ವಾಪಸ್ ಬರುತ್ತದೆ. ರಾತ್ರಿ ಕೆಂಡ ಉಳಿಸಿ ಮಲಗಿದ ಅತಿಥಿಗಳು ಬೆಳಗ್ಗೆ ತಲೆನೋವು ಅಂದರು. ಬಾಟಲಿ ಜಾಸ್ತಿಯಾಗಿರಬೇಕು ಎಂದುಕೊಂಡೆವು. (ಸೋಮವಾರಪೇಟೆ)

ಬಾಟಲಿಯ ಮೇಲೆ ಹಾಕಿ ಸುಮ್ಮನಿರಬೇಡಿ. ಆ ಕೋಣೆಯನ್ನು ಚಿಮಣಿ ಸರಿಯಾಗುವ ತನಕ ಯಾರಿಗೂ ಕೊಡಬೇಡಿ. ಕೆಂಡ ಅರೆಬರೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆನೋವು, ವಾಕರಿಕೆ, ಮಂಪರು. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗುವುದಿಲ್ಲ. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಕಿಟಕಿ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ತಂದು ಆಸ್ಪತ್ರೆಗೆ ಒಯ್ಯಿರಿ, ಆಮ್ಲಜನಕ ಕೊಡಬೇಕಾಗುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98, 99 ತೋರಿಸಿತೆಂದು ಸಮಾಧಾನ ಪಡಬೇಡಿ. ವಿಷಾನಿಲ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ.

ಈಗ ಚಿಮಣಿ. ಹೊಗೆ ಹಿಂದೆ ಬರಲು ಐದಾರು ಕಾರಣ ಇರಬಹುದು, ಸುಲಭದ್ದರಿಂದ ನೋಡುತ್ತ ಹೋಗಿ. ಮಧ್ಯಾಹ್ನ ಅಗ್ಗಿಷ್ಟಿಕೆಯ ಬಾಯಲ್ಲಿ ಕನ್ನಡಿ ಹಿಡಿದು ಮೇಲೆ ನೋಡಿದರೆ ಬೆಳಕಿನ ಚೌಕ ಕಾಣಬೇಕು. ಕಾಣದಿದ್ದರೆ ಹಕ್ಕಿಗೂಡೋ, ಜೇನೋ, ಕಳಚಿದ ಇಟ್ಟಿಗೆಯೋ ಅಡ್ಡ ಇದೆ. ಜೇನಿದ್ದರೆ ಹೊಗೆ ಹಾಕಿ ಓಡಿಸುವ ಸಾಹಸ ಬೇಡ, ಜೇನು ಬಿಡಿಸುವವರನ್ನು ಕರೆಯಿರಿ. ಚಿಮಣಿಯ ಗಂಟಲಲ್ಲಿ ಕಬ್ಬಿಣದ ತಗಡಿನ ಮುಚ್ಚಳವಿದ್ದರೆ ಅದು ತುಕ್ಕು ಹಿಡಿದು ಅರ್ಧಕ್ಕೇ ನಿಂತಿರುತ್ತದೆ. ಅದನ್ನು ಪೂರ್ತಿ ತೆಗೆದುಬಿಟ್ಟರೂ ನಷ್ಟವಿಲ್ಲ.

ಆಮೇಲೆ ಅಳತೆ. ಬಾಯಿಯ ವಿಸ್ತೀರ್ಣ ಹತ್ತಾದರೆ ಹೊಗೆ ಹೋಗುವ ಕೊಳವೆ ಒಂದಾದರೂ ಇರಬೇಕು. ಬಾಯಿ 36 ಅಂಗುಲ ಅಗಲ, 30 ಅಂಗುಲ ಎತ್ತರ ಇದ್ದರೆ 1,080 ಚದರ ಅಂಗುಲ. ಕೊಳವೆ 108, ಅಂದರೆ 9ಕ್ಕೆ 12 ಅಂಗುಲ. ಎಷ್ಟೋ ಬಂಗಲೆಗಳಲ್ಲಿ ನವೀಕರಣ ಮಾಡುವವರು ಚೆಂದಕ್ಕೆಂದು ಬಾಯಿ ದೊಡ್ಡದು ಮಾಡಿ ಕೊಳವೆ ಹಾಗೇ ಬಿಟ್ಟಿರುತ್ತಾರೆ. ನಿಮ್ಮದೂ ಹಾಗಾಗಿದ್ದರೆ ಬಾಯಿಯ ಮೇಲಂಚಿಗೆ ಐದಾರು ಅಂಗುಲದ ತಗಡು ಅಡ್ಡ ಹಿಡಿದು ಬೆಂಕಿ ಹಚ್ಚಿ ನೋಡಿ. ಹೊಗೆ ನಿಂತರೆ ಅಷ್ಟು ಭಾಗ ಇಟ್ಟಿಗೆಯಿಂದ ಮುಚ್ಚಿಸಿ. ಚಿಮಣಿಯ ತುದಿ ಚಾವಣಿಯಿಂದ ಹೊರಬಂದ ಜಾಗಕ್ಕಿಂತ ಮೂರು ಅಡಿ, ಹತ್ತು ಅಡಿ ದೂರದೊಳಗಿನ ಹೆಂಚಿನ ಚಾವಣಿಯ ಯಾವುದೇ ಭಾಗಕ್ಕಿಂತ ಎರಡು ಅಡಿ ಮೇಲಿರಬೇಕು. ಮಳೆಗೆ ಹೆದರಿ ತುದಿಗೆ ತಗಡು ಒತ್ತಿ ಕೂರಿಸಿದ್ದರೆ ಹೊಗೆಗೆ ದಾರಿಯೇ ಇಲ್ಲ. ತಗಡು ಇರಲಿ, ಆದರೆ ಒಂದು ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಲಿ.

ಇಷ್ಟೆಲ್ಲ ಸರಿ ಇದ್ದೂ ಮಳೆಗಾಲದ ಮೊದಲ ಬೆಂಕಿ ಹೊಗೆಯಾಡುತ್ತದೆ, ಏಕೆಂದರೆ ಕೊಳವೆಯೊಳಗಿನ ಗಾಳಿ ತಣ್ಣಗೆ, ಭಾರವಾಗಿ ಕೂತಿರುತ್ತದೆ. ಎರಡು ಹಾಳೆ ಪತ್ರಿಕೆಯನ್ನು ಸುರುಳಿ ಮಾಡಿ ಹಚ್ಚಿ ಗಂಟಲಿನ ಹತ್ತಿರ ಒಂದು ನಿಮಿಷ ಹಿಡಿಯಿರಿ. ಕಾಗದದ ಉರಿ ಮೇಲಕ್ಕೆ ಎಳೆಯುವುದು ಕಂಡ ಮೇಲೆ ಸೌದೆಗೆ ಹಚ್ಚಿ. ಸೌದೆ ಒಂದು ಪೂರ್ತಿ ಬೇಸಿಗೆ ಒಣಗಿರಬೇಕು. ಹಳೆ ಕಾಫಿ ಗಿಡದ ಬುಡ ಗಟ್ಟಿಯಾಗಿ, ಕಡಿಮೆ ಹೊಗೆಯಲ್ಲಿ ಉರಿಯುತ್ತದೆ. ಸಿಲ್ವರ್ ಓಕ್ ಬೇಗ ಉರಿದು ಮುಗಿಯುತ್ತದೆ, ಕಿಡಿಯೂ ಹಾರುತ್ತದೆ. ಪಕ್ಕದ ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದ್ದರೆ ಅದು ಚಿಮಣಿಯಿಂದಲೇ ಗಾಳಿ ಎಳೆದು ಹೊಗೆಯನ್ನು ಕೋಣೆಗೆ ತರುತ್ತದೆ, ಆರಿಸಿ. ಕಿಟಕಿಯನ್ನು ಎರಡು ಬೆರಳು ತೆರೆದಿಡಿ. ಮಲಗುವ ಮುನ್ನ ಕೆಂಡ ಪೂರ್ತಿ ತೆಗೆಸಿ. ಇದ್ದಿಲಿನ ಒಲೆಯನ್ನು ಯಾವ ಕಾರಣಕ್ಕೂ ಮಲಗುವ ಕೋಣೆಗೆ ತರಬೇಡಿ, ಗ್ಯಾಸ್ ಗೀಸರ್ ಬಚ್ಚಲಿನ ಹೊರಗೋಡೆಯಲ್ಲಿರಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಬ್ಯಾಟರಿಯಲ್ಲಿ ನಡೆಯುತ್ತದೆ. ಅಗ್ಗಿಷ್ಟಿಕೆ ಇರುವ ಪ್ರತಿ ಕೋಣೆಗೂ ಒಂದು ಬೇಕೇ ಬೇಕು.

ಪ್ರಶ್ನೆ: ತೋಟದೊಳಗಿನ ಹೋಂಸ್ಟೇ. ಅತಿಥಿಗೆ ಹಾವು ಕಚ್ಚಿದರೆ ನಾವು ಮಾಡಬೇಕಾದ್ದೇನು? ವಿಷ ಇಳಿಸುವ ಇಂಜೆಕ್ಷನ್ ತಂದು ಫ್ರಿಜ್‌ನಲ್ಲಿ ಇಟ್ಟುಕೊಳ್ಳಬಹುದೇ? (ನಾಪೋಕ್ಲು)

ಇಂಜೆಕ್ಷನ್ ಇಟ್ಟುಕೊಳ್ಳಬೇಡಿ. ಅದನ್ನು ರಕ್ತನಾಳಕ್ಕೆ ಕೊಡಬೇಕು, ಶುರುವಿಗೇ ಹತ್ತು ವಯಲ್ (ಸಣ್ಣ ಸೀಸೆ) ಬೇಕು, ಕೊಟ್ಟ ನಿಮಿಷಗಳಲ್ಲಿ ಕೆಲವರಿಗೆ ಜೀವಕ್ಕೆ ಅಪಾಯವಾಗುವ ಅಲರ್ಜಿ ಆಗುತ್ತದೆ. ಅಡ್ರಿನಲಿನ್ ಕೈಯಲ್ಲಿ ಹಿಡಿದ ವೈದ್ಯರು ಪಕ್ಕದಲ್ಲಿರಬೇಕು. ನಿಮ್ಮ ಕೆಲಸ ರೋಗಿಯನ್ನು ಅಲ್ಲಿಗೆ ಮುಟ್ಟಿಸುವುದು, ಅದನ್ನು ಚೆನ್ನಾಗಿ ಮಾಡುವುದು.

ದೊರೆಗಳ ಕಾಲದಲ್ಲಿ ಕಚ್ಚಿದ ಜಾಗ ಕುಯ್ದು ಪರ್ಮಾಂಗನೇಟ್ ಹರಳು ತುಂಬುತ್ತಿದ್ದರು. ಅದಕ್ಕೆಂದೇ 1904ರ ಸುಮಾರಿಗೆ ಬ್ರಂಟನ್ ಅವರ ಹೆಸರಿನ ಸಣ್ಣ ಚೂರಿ, ಅದರ ಹಿಡಿಯಲ್ಲಿ ಹರಳು, ಇಂಥ ಸಾಧನ ಬಂತು. ಹಳೆ ಬಂಗಲೆಯ ಕಪಾಟಿನಲ್ಲಿ ಸಿಕ್ಕರೆ ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕಿಡಿ. ಹರಳು ಮಾಂಸವನ್ನು ಸುಡುತ್ತದೆ, ವಿಷ ಇಳಿಸುವುದಿಲ್ಲ. ಕುಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು, ಐಸ್ ಇಡುವುದು ಎಲ್ಲವೂ ಕೇಡು. ಬಿಗಿದ ಹಗ್ಗದಿಂದ ಕೈಕಾಲು ಕಳೆದುಕೊಂಡವರಿದ್ದಾರೆ.

ಮಾಡಬೇಕಾದ್ದು ಇಷ್ಟು. ಕಚ್ಚಿಸಿಕೊಂಡವರನ್ನು ಕೂರಿಸಿ ಅಥವಾ ಮಲಗಿಸಿ, ಒಂದು ಹೆಜ್ಜೆಯೂ ನಡೆಸಬೇಡಿ. ಉಂಗುರ, ಬಳೆ, ಗೆಜ್ಜೆ, ಶೂ ತೆಗೆಯಿರಿ; ಊದಿದ ಮೇಲೆ ಅವೇ ಹಗ್ಗವಾಗುತ್ತವೆ. ಮುರಿದ ಕಾಲಿಗೆ ಕಟ್ಟುವ ಹಾಗೆ ಕಚ್ಚಿದ ಕೈಕಾಲಿಗೆ ಹಲಗೆ ಇಟ್ಟು ಸಡಿಲವಾಗಿ ಕಟ್ಟಿ, ಅಲುಗಾಡದ ಹಾಗೆ. ವಾಂತಿ ಬಂದರೆ ಎಡಮಗ್ಗುಲಿಗೆ ತಿರುಗಿಸಿ. ಗಡಿಯಾರ ನೋಡಿ ಸಮಯ ಬರೆದಿಡಿ, ಊತ ಎಲ್ಲಿಯ ತನಕ ಬಂದಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಸಮಯ ನಮೂದಿಸಿ. ವೈದ್ಯರಿಗೆ ಇದು ಬಹಳ ಉಪಯೋಗ. ಹಾವನ್ನು ಹುಡುಕಿ ಕೊಲ್ಲಲು ಹೋಗಬೇಡಿ, ದೂರದಿಂದ ಮೊಬೈಲಿನಲ್ಲಿ ಫೋಟೊ ಸಿಕ್ಕರೆ ಸಾಕು. 108ಕ್ಕೆ ಫೋನ್ ಮಾಡಿ. ತೋಟದ ರಸ್ತೆಯಲ್ಲಿ ಆಂಬುಲೆನ್ಸ್ ಬರುವುದು ತಡ ಅನಿಸಿದರೆ ಜೀಪಿನಲ್ಲಿ ಮುಖ್ಯರಸ್ತೆಗೆ ಎದುರು ಹೋಗಿ.

ಫೋಟೊ ಏಕೆಂದರೆ, ನಮ್ಮ ದೇಶದ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಮೂಗು ಮೇಲೆತ್ತಿ ಸುರುಳಿ ಸುತ್ತಿ ಕೂರುವ ಗಿಡ್ಡ ಕಂದು ಹಾವು, ಗಿಡದ ಮೇಲಿರುವ ಹಸಿರು ಪಿಟ್ ವೈಪರ್, ಇವೆರಡಕ್ಕೂ ಅದು ಕೆಲಸ ಮಾಡುವುದಿಲ್ಲ. ಹಾಗೆಂದು ಇವನ್ನು ಹಗುರ ಮಾಡಬೇಡಿ, ಮೊದಲನೆಯದು ಕಚ್ಚಿ ಮೂತ್ರಪಿಂಡ ಕೈಕೊಡುವುದುಂಟು. ಆಸ್ಪತ್ರೆಯಲ್ಲಿ 2 ಮಿಲಿ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ನೋಡುತ್ತಾರೆ. ಸುಮ್ಮನೆ ಕೂರಿಸಿದ್ದಾರೆ ಎಂದು ಅತಿಥಿಯ ಕಡೆಯವರು ಆ ಹೊತ್ತಿನಲ್ಲಿ ಗಲಾಟೆ ಮಾಡದ ಹಾಗೆ ನೋಡಿಕೊಳ್ಳಿ.

ಕಟ್ಟು ಹಾವಿನದು ಬೇರೆ ಕಥೆ. ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ನೋವೂ ಇಲ್ಲ, ಗಾಯವೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು. ಟೆಂಟಿನಲ್ಲೋ ಜಗಲಿಯಲ್ಲೋ ಮಲಗಿದ ಅತಿಥಿಗೆ ಹೀಗಾದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಡಬೇಡಿ, ತಕ್ಷಣ ಹೊರಡಿಸಿ. ಮಂಚ ಮತ್ತು ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆ ಪರದೆ, ಇವೆರಡು ಈ ಹಾವಿನಿಂದಲೂ ಕಾಪಾಡುತ್ತವೆ. ಪರದೆಗೆ ಚದರ ಅಂಗುಲಕ್ಕೆ 150ರಷ್ಟು ಕಣ್ಣು ಇರಬೇಕು, ನೆಲಕ್ಕೆ ಜೋತುಬಿದ್ದರೆ ಪ್ರಯೋಜನವಿಲ್ಲ.

ಮಳೆಗಾಲ ಶುರುವಾಗುವ ಮೊದಲೇ ಒಂದು ಕೆಲಸ ಮಾಡಿಡಿ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಮತ್ತು ವೆಂಟಿಲೇಟರ್ ಎರಡೂ ಇದೆ ಎಂದು ಫೋನಿನಲ್ಲಿ ಕೇಳಿ ಗೋಡೆಗೆ ಬರೆದು ಅಂಟಿಸಿ. ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಜಾಗಕ್ಕೆ ಒಂದು ಗುರುತು ಹಾಕಿ. ಜೀಪಿನಲ್ಲಿ ಮರ ಕೊಯ್ಯುವ ಮೆಷಿನ್ ಇರಲಿ. ಜುಲೈ ರಾತ್ರಿಯಲ್ಲಿ ದಾರಿಗೆ ಮರ ಬಿದ್ದಿರುವುದೇ ಹೆಚ್ಚು.

ಪ್ರಶ್ನೆ: ಹೋಂಸ್ಟೇಯಲ್ಲಿ ಯಾವ ಯಾವ ಔಷಧ ಇಡಬೇಕು? (ಸುಂಟಿಕೊಪ್ಪ)

ಕಡಿಮೆ ಇಡಿ. ಥರ್ಮಾಮೀಟರ್, ಬಿ.ಪಿ. ನೋಡುವ ಯಂತ್ರ, ಸಕ್ಕರೆ ನೋಡುವ ಯಂತ್ರ, 10 ಸೆಂಟಿಮೀಟರ್ ಅಗಲದ ಎರಡು ಕ್ರೇಪ್ ಬ್ಯಾಂಡೇಜ್, ಗಾಜ್, ಪೊವಿಡೋನ್ ಅಯೋಡಿನ್, ಹತ್ತು ಪೊಟ್ಟಣ ಓಆರ್‌ಎಸ್, 500 ಮಿಲಿಗ್ರಾಂ ಪ್ಯಾರಸಿಟಮಾಲ್, ಅಲರ್ಜಿಗೆ ಸೆಟಿರಿಜಿನ್. ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಡೆಂಗಿಯಾಗಿದ್ದರೆ ರಕ್ತಸ್ರಾವ ಹೆಚ್ಚಿಸುತ್ತವೆ. ಮಲೇರಿಯಾ ಮಾತ್ರೆಯನ್ನು ನೀವಾಗಿ ಕೊಡಬೇಡಿ, ಮೊದಲು ರಕ್ತಪರೀಕ್ಷೆ ಆಗಬೇಕು. ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ 14 ದಿನದ್ದು, ಕೆಲವರಿಗೆ ಅದು ರಕ್ತಕಣ ಒಡೆಯುತ್ತದೆ. ಪೆಟ್ಟಿಗೆಯನ್ನು ಬಚ್ಚಲಿನಲ್ಲಿ ಇಡಬೇಡಿ, ಮಳೆಗಾಲದ ತೇವಕ್ಕೆ ಮಾತ್ರೆ ಹಾಳಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿ ಒಳ್ಳೆಯದು.

ಇದಕ್ಕಿಂತ ಉಪಯೋಗದ್ದು ರಿಜಿಸ್ಟರ್. ಹೆಸರು, ವಿಳಾಸದ ಜತೆ ಮೂರು ಪ್ರಶ್ನೆ ಸೇರಿಸಿ: ಯಾವುದಕ್ಕೆ ಅಲರ್ಜಿ, ಯಾವ ಔಷಧ ದಿನಾ ತೆಗೆದುಕೊಳ್ಳುತ್ತೀರಿ, ತುರ್ತಿಗೆ ಯಾರಿಗೆ ಫೋನ್ ಮಾಡಲಿ. ವಿದೇಶಿ ಅತಿಥಿಯಾದರೆ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸುವುದು ಹೇಗೂ ಕಡ್ಡಾಯ.

ಪ್ರಶ್ನೆ: ಮಳೆ ಹಿಡಿದ ಮೇಲೆ ಅತಿಥಿಗಳಿಗೆ ಭೇದಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ, ಆದರೂ ನಿಲ್ಲಲಿಲ್ಲ. (ಸಿದ್ದಾಪುರ)

ಎಷ್ಟು ಹಾಕಿದಿರಿ, ಹೇಗೆ ಹಾಕಿದಿರಿ ಎಂದು ಬರೆದಿಲ್ಲ. ಹೆಚ್ಚಿನವರು ಒಂದು ಹಿಡಿ ತೆಗೆದು ಮೇಲಿಂದ ಎರಚುತ್ತಾರೆ. ಸುಣ್ಣ ತಳ ಸೇರುತ್ತದೆ, ಕ್ಲೋರಿನ್ ಗಾಳಿ ಪಾಲಾಗುತ್ತದೆ.

ಮೊದಲು ನೀರು ಎಷ್ಟಿದೆ ನೋಡಿ. ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ. ಎರಡು ಮೀಟರ್ ವ್ಯಾಸ, ಐದು ಮೀಟರ್ ನೀರು ಇದ್ದರೆ 15.7 ಘನ ಮೀಟರ್, ಅಂದರೆ 15,700 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್, ಒಟ್ಟು ಸುಮಾರು 40 ಗ್ರಾಂ. ಇದು ತಿಳಿನೀರಿನ ಲೆಕ್ಕ. ಮಳೆಗೆ ನೀರು ಕೆಂಪಾಗಿದ್ದರೆ ಕ್ಲೋರಿನ್ ಮಣ್ಣಿಗೂ ಎಲೆಕೊಳೆಗೂ ಖರ್ಚಾಗುತ್ತದೆ, ಹೆಚ್ಚು ಬೇಕು.

ಪೌಡರನ್ನು ಬಕೆಟ್ಟಿಗೆ ಹಾಕಿ ಸ್ವಲ್ಪ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲೆಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಿ. ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ನಿಲ್ಲುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಯ ನೀರಿನೊಳಕ್ಕೆ ಇಳಿಸಿ, ಮೇಲೆ ಕೆಳಗೆ, ಅತ್ತ ಇತ್ತ ಜಗ್ಗಿ ಬೆರೆಸಿ. ಸುಣ್ಣವನ್ನು ಬಾವಿಗೆ ಸುರಿಯಬೇಡಿ. ಒಂದು ಗಂಟೆ ಮುಟ್ಟಬೇಡಿ. ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ ಮಾಡುವುದು ಅನುಕೂಲ. ಬೆಳಗ್ಗೆ ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ತೋರಿಸಬೇಕು. ಏನೂ ತೋರಿಸದಿದ್ದರೆ ಹಾಕಿದ್ದು ಸಾಲದು, ಇಲ್ಲವೇ ಪೌಡರ್ ಸತ್ತಿದೆ. ತಾಜಾ ಪೌಡರಿನಲ್ಲಿ ಶೇಕಡ 33ರಷ್ಟು ಕ್ಲೋರಿನ್ ಇರುತ್ತದೆ, ಬಾಯಿ ತೆರೆದ ಚೀಲವನ್ನು ಕೊಡಗಿನ ಜೂನ್ ತಿಂಗಳಲ್ಲಿ ಇಟ್ಟರೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮೂಗಿಗೆ ಖಾರವಾಗಿ ಹೊಡೆಯದ, ಗಂಟುಗಂಟಾದ ಪೌಡರನ್ನು ಚರಂಡಿಗೆ ಹಾಕಿ.

ಇಷ್ಟು ಮಾಡಿಯೂ ನಿಲ್ಲದಿದ್ದರೆ ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ ಎಲ್ಲಿದೆ ನೋಡಿ. ಬಾವಿಯಿಂದ 50 ಅಡಿಯಾದರೂ ದೂರ, ಇಳಿಜಾರಿನ ಕೆಳಗಡೆ ಇರಬೇಕು. ಕೋಣೆ ಹೆಚ್ಚಿಸುವಾಗ ಮೇಲುಗಡೆ ಹೊಸ ಗುಂಡಿ ತೋಡಿಸಿದ್ದರೆ ಭೇದಿಯ ಮೂಲ ಅಲ್ಲೇ. ಕುಡಿಯುವ ನೀರನ್ನು ಅಂತೂ ಕುದಿಸಿಯೇ ಕೊಡಿ.

ಭೇದಿಯಾದ ಅತಿಥಿಗೆ ಓಆರ್‌ಎಸ್: ದೊಡ್ಡ ಪೊಟ್ಟಣ ಪೂರ್ತಿ, ಒಂದು ಲೀಟರ್ ನೀರಿಗೆ. ಲೋಟಕ್ಕೆ ಅರ್ಧ ಪೊಟ್ಟಣ ಸುರಿದರೆ ಉಪ್ಪು ಹೆಚ್ಚಾಗಿ ಭೇದಿ ಇನ್ನೂ ಜಾಸ್ತಿಯಾಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆಯಲ್ಲಿ.

ಪ್ರಶ್ನೆ: ಬಂಗಲೆಯ ಗೋಡೆಗೆ ದುಬಾರಿ ಪೇಂಟ್ ಹೊಡೆಸಿದೆವು. ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು ಬೂಷ್ಟು ಹಿಡಿಯಿತು. ಅತಿಥಿಗಳು ಕೆಮ್ಮುತ್ತಾರೆ. (ವಿರಾಜಪೇಟೆ)

ಸುಣ್ಣದ ಗಾರೆಯ ಗೋಡೆ ನೆಲದ ತೇವ ಎಳೆದುಕೊಂಡು ಹೊರಗೆ ಬಿಡುತ್ತದೆ. ಪ್ಲಾಸ್ಟಿಕ್ ಪೇಂಟ್ ಆ ದಾರಿ ಮುಚ್ಚಿತು, ತೇವ ಒಳಗೇ ನಿಂತು ಬೂಷ್ಟಾಯಿತು. ಸಿಮೆಂಟ್ ಗಾರೆ ಹೊಡೆಸಿದರೂ ಇದೇ ಗತಿ. ಬೇಸಿಗೆಯಲ್ಲಿ ಪೇಂಟ್ ಪೂರ್ತಿ ಕೆರೆಸಿ, ಗೋಡೆ ಒಣಗಲು ಒಂದು ತಿಂಗಳು ಬಿಡಿ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರು, ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಸೇರಿಸಿ, ತೆಳುವಾಗಿ ಮೂರು ಸಲ ಬಳಿಸಿ. ಸುಣ್ಣ ಕುದಿಯುವಾಗ ಕಣ್ಣಿಗೆ ಸಿಡಿಯದಂತೆ ಜೋಪಾನ.

ಮಂಚವನ್ನು ಗೋಡೆಯಿಂದ ನಾಲ್ಕು ಅಂಗುಲ ಈಚೆ ಎಳೆಯಿರಿ. ಹತ್ತಿಯ ಹಾಸಿಗೆ ಮಳೆಗಾಲಕ್ಕೆ ಕಷ್ಟ, ಬೂಷ್ಟು ಒಳಗೇ ಕೂರುತ್ತದೆ. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಬಟ್ಟೆ ಒಣಗಿಸುವ ನಮ್ಮ ಪದ್ಧತಿ ಒಳ್ಳೆಯದೇ, ಆದರೆ ಅದು ತೆರೆದ ಜಗಲಿಯಲ್ಲಿ ನಡೆಯಲಿ. ಹಾಸಿಗೆಯ ಬಟ್ಟೆಗಳನ್ನು ಮಡಚುವ ಮೊದಲು ಕೆನ್ನೆಗೆ ಒತ್ತಿ ನೋಡಿ. ತಂಪು ಅನಿಸಿದರೆ ಇನ್ನೂ ತೇವ ಇದೆ.

ಪ್ರಶ್ನೆ: ಜಿಗಣೆಗೆ ಏನು ಮಾಡುವುದು? (ಭಾಗಮಂಡಲ)

ಉಗುರನ್ನು ಚರ್ಮಕ್ಕೆ ಒತ್ತಿ ಜಿಗಣೆಯ ಬಾಯಿಯ ಕಡೆಗೆ ಜಾರಿಸಿ, ಬಿಟ್ಟುಕೊಳ್ಳುತ್ತದೆ. ಸುಡುವುದು ಬೇಡ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಜಿಗಣೆ ಬಿಟ್ಟ ರಸದಿಂದ ಹೆಪ್ಪುಗಟ್ಟುವುದು ತಡ. ಸೋಪಿನಿಂದ ತೊಳೆದು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡಿಗೆಗೆ ಹೊರಡುವವರಿಗೆ ಮೊಣಕಾಲಿನ ತನಕ ಬರುವ ಒತ್ತು ನೇಯ್ಗೆಯ ಜಿಗಣೆ ಕಾಲುಚೀಲ ಕೊಡಿ. ರಕ್ತ ತೆಳುವಾಗಲು ಮಾತ್ರೆ ನುಂಗುವವರಿದ್ದರೆ ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಅತಿಥಿಗಳಿಗೆ ಮದ್ದು ಸೊಪ್ಪಿನ ಪಾಯಸ ಬಡಿಸಿದೆವು. ಮಾರನೆಯ ದಿನ ಒಬ್ಬರು ಮೂತ್ರ ಕೆಂಪಾಗಿದೆ ಎಂದು ಹೆದರಿ ಕೋಣೆ ಖಾಲಿ ಮಾಡಿ ಹೋದರು. (ಮೂರ್ನಾಡು)

ಬಡಿಸುವ ಮೊದಲು ಹೇಳಬೇಕಿತ್ತು. ಸೊಪ್ಪನ್ನು ದಂಟಿನ ಸಮೇತ ಕುದಿಸಿದಾಗ ನೀರಿಗೆ ಬರುವ ಆ ಕಡು ನೇರಳೆ ಬಣ್ಣವೇ ಮೂತ್ರದಲ್ಲೂ ಇಳಿಯುತ್ತದೆ. ನಮ್ಮವರಿಗೆ ಅದು ಮದ್ದು ಮೈಗೆ ಹತ್ತಿದ ಗುರುತು, ಊರಾಚೆಯವರಿಗೆ ರಕ್ತ. ಆಗಸ್ಟ್ 3ರ ಆಸುಪಾಸಿನಲ್ಲಿ ಬರುವ ಅತಿಥಿಗಳಿಗೆ ಊಟದ ಮೇಜಿನ ಮೇಲೆಯೇ ಎರಡು ಸಾಲು ಬರೆದಿಡಿ. ಕುದಿಸುತ್ತಿರುವಾಗ ಕುಸಿನಿಗೆ ಕರೆದು ತೋರಿಸಿದರೆ ಇನ್ನೂ ಚೆನ್ನ, ಆ ಪರಿಮಳಕ್ಕೆ ಸೋಲದವರಿಲ್ಲ. ಗರ್ಭಿಣಿಯರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಒತ್ತಾಯ ಮಾಡಬೇಡಿ. ಎರಡು ದಿನವಾದರೂ ಬಣ್ಣ ಹೋಗದಿದ್ದರೆ, ಜ್ವರ, ಸೊಂಟನೋವು ಇದ್ದರೆ, ಅಥವಾ ಪಾಯಸ ತಿನ್ನದವರಿಗೇ ಕೆಂಪು ಕಂಡರೆ ಅದು ಸೊಪ್ಪಿನ ಬಣ್ಣವಲ್ಲ, ಅವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.